ಒಂದೇ ಹೆಸರಿನ ಎರಡು ಫೋಲ್ಡರು

ಈ ಸಲ ಸ್ವಲ್ಪ ತಾಂತ್ರಿಕ ಬರಹ. ಕವನ, ಹರಟೆ ಸಿಗುತ್ತೆ ಅಂತ ಬಂದವರು ಕ್ಷಮಿಸಬೇಕು :-) ಆದ್ರೂ ಒಂದಿಷ್ಟು ತಾಳ್ಮೆಯಿಂದ ಓದಿ. ನಿಮ್ಮ ಫೋಟೋ, ಹಾಡು, ಬರಹಗಳಿಗೆ ಕನ್ನಡದಲ್ಲೇ ಹೆಸರಿಟ್ಟು ಉಳಿಸೋ ಅಭ್ಯಾಸ ನಿಮಗಿದ್ದರೆ ಈ ತಾಪತ್ರಯ ಒಂದಲ್ಲ ಒಂದು ದಿನ ನಿಮ್ಮ ಮನೆಗೂ ಬರುತ್ತೆ.

ವಿಷಯ ಏನಪ್ಪಾ ಅಂದ್ರೆ, ನಾವು ನಾಲ್ಕು ಜನ ಗೆಳೆಯರು ಸೇರಿ ಬಿಡುವಿನ ವೇಳೆಯಲ್ಲಿ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕಟ್ತಾ ಇದ್ದೀವಿ. ಜಗತ್ತಿಗೆ ಇನ್ನೊಂದು ಭಾಷೆ ಬೇಕಾಗಿತ್ತಾ ಅಂತ ಕೇಳಬೇಡಿ, ಮನೆಯಲ್ಲೂ ಅದನ್ನೇ ಕೇಳ್ತಾರೆ. ವ್ಯಾಕರಣ ಒಬ್ಬನಿಗೆ, ಕಂಪೈಲರು ಇನ್ನೊಬ್ಬನಿಗೆ, ಹೀಗೆ ಹಂಚಿಕೊಂಡಾಗ ಯಾರಿಗೂ ಬೇಡದ ಒಂದು ಕೆಲಸ ಉಳಿಯಿತು. ಅದು ಫೈಲ್ ಪಾತ್ ಲೈಬ್ರರಿ. ನನ್ನ ಪಾಲಿಗೆ ಅದು ಬಂತು. "ಅದರಲ್ಲೇನಿದೆ, ಒಂದು ವಾರದ ಕೆಲಸ" ಅಂದ್ರು. ಎಂಟು ತಿಂಗಳಾಯಿತು.

ಪಾತ್ ಅಂದ್ರೆ ಗೊತ್ತಲ್ಲ, ಕಡತಕ್ಕೆ ಹೋಗುವ ದಾರಿ. ಯಾವ ಡ್ರೈವು, ಯಾವ ಫೋಲ್ಡರು, ಅದರೊಳಗೆ ಯಾವ ಫೋಲ್ಡರು, ಕೊನೆಗೆ ಫೈಲಿನ ಹೆಸರು. ಲಿನಕ್ಸಿನಲ್ಲಿ ಇವುಗಳ ನಡುವೆ ಮುಂದಕ್ಕೆ ವಾಲಿದ ಗೆರೆ (/), ವಿಂಡೋಸಿನಲ್ಲಿ ಹಿಂದಕ್ಕೆ ವಾಲಿದ ಗೆರೆ (\). ಹಳೇ ಮ್ಯಾಕಿನಲ್ಲಿ ಎರಡು ಚುಕ್ಕೆ (:) ಇತ್ತು. ಈ ಗೆರೆ ಯಾಕೆ ಉಲ್ಟಾ ಆಯ್ತು ಅನ್ನೋದು ಒಂದು ತಮಾಷೆಯ ಕತೆ. 1981ರಲ್ಲಿ ಬಂದ ಮೊದಲ ಡಾಸ್‌ನಲ್ಲಿ ಫೋಲ್ಡರುಗಳೇ ಇರಲಿಲ್ಲ. ಆಜ್ಞೆಗಳಿಗೆ ಆಯ್ಕೆ ಸೂಚಿಸಲು '/' ಬಳಸಿಬಿಟ್ಟಿದ್ದರು. 1983ರ ಡಾಸ್ 2.0ದಲ್ಲಿ ಯುನಿಕ್ಸ್ ನೋಡಿ ಫೋಲ್ಡರು ತಂದಾಗ ಆ ಗೆರೆ ಆಗಲೇ ಬೇರೆಯವರ ಪಾಲಾಗಿತ್ತು, ಹಾಗಾಗಿ '\' ಬಂತು. ಜಪಾನೀ ವಿಂಡೋಸಿನಲ್ಲಿ ಇದೇ ಜಾಗದಲ್ಲಿ ಯೆನ್ ಚಿಹ್ನೆ ಕಾಣುತ್ತೆ. ಅಲ್ಲಿನವರ ಪಾತ್ ನೋಡಿದ್ರೆ ಅಂಗಡಿ ಬಿಲ್ಲಿನ ಹಾಗಿರುತ್ತೆ.

ಲೈಬ್ರರಿ ಅಂದ ತಕ್ಷಣ ಎಲ್ಲರೂ ಈ ಗೆರೆಯ ಬಗ್ಗೆಯೇ ಮಾತಾಡ್ತಾರೆ. ಅದು ಅರ್ಧ ದಿನದ ಕೆಲಸ. ವಿಂಡೋಸಿನಲ್ಲಿ 'ಸಿ:\ಹಾಡು' ಬೇರೆ, 'ಸಿ:ಹಾಡು' ಬೇರೆ, '\ಹಾಡು' ಬೇರೆ ಅನ್ನೋದು ಇನ್ನೊಂದು ಎರಡು ದಿನ ತಿನ್ನುತ್ತೆ. ಮೊದಲನೆಯದು ಪೂರ್ತಿ ದಾರಿ, ಎರಡನೆಯದು ಸಿ ಡ್ರೈವಿನಲ್ಲಿ ನೀವು ಸದ್ಯ ಎಲ್ಲಿ ನಿಂತಿದ್ದೀರೋ ಅಲ್ಲಿಂದ, ಮೂರನೆಯದು ಸದ್ಯ ಯಾವ ಡ್ರೈವೋ ಅದರ ಬುಡದಿಂದ. "ಈ ದಾರಿ ಪೂರ್ತಿಯೋ ಅಲ್ಲವೋ" ಅಂದ್ರೆ ಹೌದು-ಇಲ್ಲ ಅಂತ ಉತ್ತರ ಕೊಡೋಕಾಗಲ್ಲ. ಇರಲಿ. ಇವೆಲ್ಲ ತಲೆನೋವಾದ್ರೂ ನಿಯಮ ಗೊತ್ತಿರುವ ತಲೆನೋವು. ನನ್ನ ಎಂಟು ತಿಂಗಳು ತಿಂದದ್ದು ಬೇರೆಯದೇ.

ನಮ್ಮೂರು ಯಲವಿಗಿ. ಹಾವೇರಿ ಜಿಲ್ಲೆ, ಸವಣೂರು ತಾಲೂಕು. ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ರೈಲಿನಲ್ಲಿ ಹೋದವರು ಬೋರ್ಡು ನೋಡಿರ್ತೀರಿ. ಅಲ್ಲಿ ನಮ್ಮ ಕಾಕಾ ಇದ್ದಾರೆ, ನಿವೃತ್ತ ಸಾಲಿ ಮಾಸ್ತರರು. ಹತ್ತು-ಹನ್ನೆರಡು ವರ್ಷದಿಂದ ಸುತ್ತಲಿನ ಊರಿನ ಭಜನಿ ಪದ, ಮೊಹರಂ ಹಾಡು, ದೊಡ್ಡಾಟ ಎಲ್ಲ ರೆಕಾರ್ಡ್ ಮಾಡಿ ಇಡ್ತಾ ಬಂದಿದ್ದಾರೆ. ಎಲ್ಲದಕ್ಕೂ ಅಚ್ಚ ಕನ್ನಡದಲ್ಲೇ ಹೆಸರು. ಊರಿನ ಹೆಸರಿಗೊಂದು ಫೋಲ್ಡರು, ಪ್ರಕಾರಕ್ಕೊಂದು ಫೋಲ್ಡರು. ಅವರದ್ದು ವಿಂಡೋಸ್. ಒಂದು ಪ್ರತಿ ಪುಣೆಯಲ್ಲಿರುವ ನನ್ನ ತಂಗಿಯ ಹಳೇ ಲ್ಯಾಪ್‌ಟಾಪಿನಲ್ಲಿದೆ, ಒಂದು ಪ್ರತಿ ಬೆಂಗಳೂರಿನಲ್ಲಿ ನನ್ನ ಲಿನಕ್ಸಿನಲ್ಲಿ. ತಂಗಿ ಒಮ್ಮೆ ರಜೆಯಲ್ಲಿ ಊರಿಗೆ ಹೋದಾಗ ತಾನೂ ಒಂದಿಷ್ಟು ರೆಕಾರ್ಡ್ ಮಾಡಿದ್ಲು. ಅದನ್ನೆಲ್ಲ ಸೇರಿಸಿ, ಜಿಪ್ ಮಾಡಿ ಕಾಕಾಗೆ ಕಳಿಸಿದಳು. ಕಾಕಾ ಅದನ್ನು ಹಳೇ ಜಾಗದಲ್ಲೇ ಬಿಚ್ಚಿದರು. ಆ ರಾತ್ರಿ ಫೋನು.

"ತಮ್ಮಾ, ಇಲ್ಲಿ ದೊಡ್ಡಾಟ ಅಂತ ಎರಡು ಫೋಲ್ಡರ್ ಬಂದಾವ ನೋಡು. ಎರಡೂ ಒಂದಽ ಹೆಸರು. ಒಂದನ್ನ ಅಳಿಸಿಬಿಡ್ಲೇನು?"

"ಕಾಕಾ, ಏನೂ ಮುಟ್ಟಬ್ಯಾಡ್ರಿ. ಹಂಗಽ ಇರ್ಲಿ."

"ಒಂದಽ ಹೆಸರಿನ್ವು ಎರಡು ಇರಾಕ ಬರೂದಿಲ್ಲ ಅಂತ ನೀನಽ ಹೇಳಿದ್ದೆಲ್ಲೊ."

ಕಾಕಾ ಹೇಳಿದ್ದು ಸರಿ. ಒಂದು ಫೋಲ್ಡರಿನೊಳಗೆ ಒಂದೇ ಹೆಸರಿನ ಎರಡು ಇರೋಕೆ ಸಾಧ್ಯವಿಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಅವು ಒಂದೇ ಹೆಸರಾಗಿರಲಿಲ್ಲ, ಅಷ್ಟೇ. ಕಣ್ಣಿಗೆ ಮಾತ್ರ ಒಂದೇ.

ಇಲ್ಲಿ ಕಾಗುಣಿತ ನೆನಪು ಮಾಡಿಕೊಳ್ಳಿ. ದ ಓತ್ವ ದೊ. ಯೂನಿಕೋಡಿನಲ್ಲಿ ಈ ಓತ್ವಕ್ಕೆ (ೊ) ತನ್ನದೇ ಆದ ಒಂದು ಸಂಕೇತ ಇದೆ. ಆದರೆ ಅದನ್ನೇ ಏತ್ವ (ೆ) ಮತ್ತು ಕೊಂಬಿನ ಇಳಿ (ೂ) ಅಂತ ಎರಡು ಸಂಕೇತವಾಗಿಯೂ ಬರೀಬಹುದು. ಪರದೆ ಮೇಲೆ ಎರಡೂ ಒಂದೇ 'ದೊ'. ಹಾಗೇ ಓತ್ವನ ದೀರ್ಘ (ೋ) ಬಿಡಿಸಿದರೆ ಮೂರು ಚೂರು: ಏತ್ವ, ಕೊಂಬಿನ ಇಳಿ, ದೀರ್ಘ. ಗುಡಿಸಿನ ದೀರ್ಘ (ೀ) ಅಂದ್ರೆ ಗುಡಿಸು ಮತ್ತು ದೀರ್ಘ. ಏತ್ವನ ದೀರ್ಘ (ೇ) ಅಂದ್ರೆ ಏತ್ವ ಮತ್ತು ದೀರ್ಘ. ಐತ್ವವೂ (ೈ) ಒಡೆಯುತ್ತೆ. ಸಾಲಿಯಲ್ಲಿ ನಾವು ಕಲಿತ ಹೆಸರುಗಳಲ್ಲೇ ಈ ಒಡಕು ಇದೆ ಅನ್ನೋದು ನನಗೆ ಬಹಳ ಖುಷಿ ಕೊಟ್ಟ ಸಂಗತಿ! ಗುಡಿಸಿನ ದೀರ್ಘ ಅಂತ ಒಂದನೇ ಇಯತ್ತೆಯಲ್ಲಿ ಕೂಗಿ ಹೇಳುವಾಗ ನಾವೆಲ್ಲ ಬಿಡಿಸಿದ ರೂಪವನ್ನೇ ಹೇಳ್ತಿದ್ವಿ.

ಯೂನಿಕೋಡ್ ಈ ಎರಡೂ ರೂಪಗಳನ್ನು ಸರಿ ಅನ್ನುತ್ತೆ, ಎರಡೂ ಸಮಾನ ಅನ್ನುತ್ತೆ. ಕೂಡಿಸಿದ ರೂಪಕ್ಕೆ ಎನ್‌ಎಫ್‌ಸಿ, ಬಿಡಿಸಿದ ರೂಪಕ್ಕೆ ಎನ್‌ಎಫ್‌ಡಿ ಅಂತ ಹೆಸರು. ತಕರಾರು ಇರೋದು ಡಿಸ್ಕಿನಲ್ಲಿ. ವಿಂಡೋಸಿನ ಎನ್‌ಟಿಎಫ್‌ಎಸ್ ಕೊಟ್ಟದ್ದನ್ನು ಕೊಟ್ಟ ಹಾಗೇ ಇಟ್ಟುಕೊಳ್ಳುತ್ತೆ, ಎರಡು ರೂಪ ಬಂದರೆ ಎರಡು ಬೇರೆ ಹೆಸರು ಅನ್ನುತ್ತೆ. ಲಿನಕ್ಸಿಗೆ ಸಾಮಾನ್ಯವಾಗಿ ಅಕ್ಷರವೇ ಗೊತ್ತಿಲ್ಲ, ಬೈಟು ಮಾತ್ರ ಗೊತ್ತು. '/' ಮತ್ತು ಸೊನ್ನೆ ಬೈಟು ಬಿಟ್ಟು ಏನು ಕೊಟ್ಟರೂ ಅದು ಹೆಸರೇ. ಮ್ಯಾಕಿನ ಹಳೇ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ನೀವು ಹೇಗೇ ಬರೆದರೂ ಬಿಡಿಸಿಯೇ ಇಡುತ್ತಿತ್ತು. 2017ರಲ್ಲಿ ಬಂದ ಎಪಿಎಫ್‌ಎಸ್ ಆ ಪದ್ಧತಿ ಬಿಟ್ಟಿತು. ಈಗ ಮ್ಯಾಕಿನಲ್ಲಿ ಕೊಟ್ಟ ಹೆಸರು ಹಾಗೇ ಉಳಿಯುತ್ತೆ, ಹುಡುಕುವಾಗ ಮಾತ್ರ ಎರಡು ರೂಪವನ್ನೂ ಒಂದೇ ಅಂತ ನೋಡುತ್ತೆ. ಮೂರೂ ಕಡೆಯವರಿಗೆ ಅವರವರ ಕಾರಣ ಇದೆ, ಒಬ್ಬರನ್ನೇ ಬೈದು ಪ್ರಯೋಜನವಿಲ್ಲ. ಆದರೆ ಒಂದು ಹೆಸರು ಈ ಮೂರು ಮನೆ ತಿರುಗಿ ಬಂದರೆ ಅವತಾರ ಬದಲಾಗಿರುತ್ತೆ.

ಕಾಕಾ ಹತ್ರ ಇನ್ಯಾವ್ಯಾವುದು ಎರಡಾಗಿದೆ ಅಂತ ಫೋನಿನಲ್ಲೇ ಓದಿಸಿದೆ. ದೊಡ್ಡಾಟ ಎರಡು, ಮೊಹರಂ ಎರಡು, ಹಾವೇರಿ ಎರಡು. ಆದರೆ ಯಲವಿಗಿ ಒಂದೇ, ಸವಣೂರು ಒಂದೇ, ಲಾವಣಿ ಒಂದೇ. ಕಾರಣ ಸರಳ. 'ಯಲವಿಗಿ'ಯಲ್ಲಿ ಇರೋದು ಎರಡು ಗುಡಿಸು ಮಾತ್ರ, ಒಡೆಯೋಕೆ ಏನೂ ಇಲ್ಲ. 'ಸವಣೂರು'ನಲ್ಲಿ ಕೊಂಬು, ಕೊಂಬಿನ ಇಳಿ, ಅವೂ ಒಡೆಯಲ್ಲ. ಜಿಲ್ಲೆಯಾದಾಗ ಇದ್ದ ಏಳು ತಾಲೂಕು ತಗೊಳ್ಳಿ: ಹಾನಗಲ್ಲ, ಶಿಗ್ಗಾವಿ, ಸವಣೂರು, ಬ್ಯಾಡಗಿ ಈ ನಾಲ್ಕು ಬಚಾವು. ಹಾವೇರಿ, ಹಿರೇಕೆರೂರು, ರಾಣೇಬೆನ್ನೂರು ಈ ಮೂರೂ ಏತ್ವನ ದೀರ್ಘದಿಂದ ಕೆಟ್ಟವು. ಆಮೇಲೆ ತಾಲೂಕಾದ ರಟ್ಟೀಹಳ್ಳಿಯೂ ಅಷ್ಟೇ, ಗುಡಿಸಿನ ದೀರ್ಘ ಇದೆ. ಇಂಗ್ಲಿಷ್ ಹೆಸರಿಟ್ಟುಕೊಂಡು ಲೈಬ್ರರಿ ಬರೆಯೋರಿಗೆ ಇದು ಯಾವತ್ತೂ ಕಣ್ಣಿಗೇ ಬೀಳಲ್ಲ. ಫ್ರೆಂಚರು, ಕೊರಿಯನ್ನರು, ಜಪಾನಿಯರು ಗಲಾಟೆ ಮಾಡಿದ್ದಕ್ಕೆ ಇಷ್ಟಾದರೂ ಗೊತ್ತಾಗಿದೆ. ನಾವು ಗಲಾಟೆ ಮಾಡೋದಿಲ್ಲ, ಹೆಸರನ್ನೇ ಇಂಗ್ಲಿಷಿಗೆ ಬದಲಾಯಿಸಿ ಸುಮ್ಮನಾಗ್ತೀವಿ.

ಮರುದಿನ ಆ ಎರಡೂ ದೊಡ್ಡಾಟ ತರಿಸಿಕೊಂಡು ಒಳಗಿನ ಫೈಲುಗಳನ್ನು ತಾಳೆ ನೋಡಿದೆ. ನಲವತ್ತೊಂದು ಎರಡರಲ್ಲೂ ಇದ್ದವು. ಆರು ತಂಗಿಯ ಕಡೆ ಮಾತ್ರ. ನಾಲ್ಕು ಕಾಕಾನ ಕಡೆ ಮಾತ್ರ, ತಂಗಿಗೆ ಪ್ರತಿ ಕೊಟ್ಟ ಮೇಲೆ ಅವರು ರೆಕಾರ್ಡ್ ಮಾಡಿದ್ದವು. ಆ ನಾಲ್ಕರಲ್ಲಿ ಎರಡು, ದೊಡ್ಡಾಟ ಕಲಿಸುತ್ತಿದ್ದ ಮಾಸ್ತರರೊಬ್ಬರದು. ಅದಾದ ಮುಂದಿನ ಬೇಸಿಗೆಗೆ ಅವರು ತೀರಿಕೊಂಡರು. ಮೂರನೇ ರೆಕಾರ್ಡಿಂಗ್ ಇಲ್ಲ. ಯಾವ ಫೋಲ್ಡರ್ ಅಳಿಸಿದ್ದರೂ ಏನೋ ಒಂದು ಹೋಗುತ್ತಿತ್ತು.

ಈಗ ಲೈಬ್ರರಿಗೆ ಬರ್ತೀನಿ. ನಮ್ಮ ತಂಡದ ಗೆಳೆಯ ಒಬ್ಬ ಇದನ್ನೆಲ್ಲ ಕೇಳಿ, "ಸುಲಭ ಇದೆ, ನಮ್ಮ ಲೈಬ್ರರಿ ಒಳಗೆ ಬಂದ ಪ್ರತಿ ಹೆಸರನ್ನೂ ಕೂಡಿಸಿದ ರೂಪಕ್ಕೆ ತಂದುಬಿಡೋಣ" ಅಂದ. ಕೇಳೋಕೆ ಚೆನ್ನಾಗಿದೆ. ಮಾಡಿದರೆ ಏನಾಗುತ್ತೆ ನೋಡಿ. ಲಿನಕ್ಸಿನಲ್ಲಿ ಬಿಡಿಸಿದ ರೂಪದ 'ದೊಡ್ಡಾಟ' ಫೋಲ್ಡರಿದೆ. ಪ್ರೋಗ್ರಾಮು "ಇಲ್ಲಿ ಏನೇನಿದೆ" ಅಂತ ಕೇಳುತ್ತೆ, ಸಿಸ್ಟಂ ಬಿಡಿಸಿದ ಹೆಸರು ಕೊಡುತ್ತೆ. ನಮ್ಮ ಲೈಬ್ರರಿ ಸದ್ದಿಲ್ಲದೆ ಅದನ್ನು ಕೂಡಿಸುತ್ತೆ. ಪ್ರೋಗ್ರಾಮು "ಸರಿ, ಅದನ್ನು ತೆರಿ" ಅನ್ನುತ್ತೆ. ಸಿಸ್ಟಂ "ಅಂಥದ್ದು ಇಲ್ಲವಲ್ಲ" ಅನ್ನುತ್ತೆ. ಈಗಷ್ಟೇ ತಾನೇ ಕೊಟ್ಟ ಹೆಸರು! ಬಾಗಿಲಲ್ಲಿ ನಿಂತವನ ಹೆಸರು ಕೇಳಿ, ಅದನ್ನು ತಿದ್ದಿ, ತಿದ್ದಿದ ಹೆಸರಲ್ಲಿ ಕೂಗಿದರೆ ಅವನು ಬರ್ತಾನಾ?

ನನ್ನ ನಿಲುವು ಇಷ್ಟು. ಸಿಸ್ಟಂ ಕೊಟ್ಟ ಹೆಸರನ್ನು ಕೊಟ್ಟ ಹಾಗೇ ಇಟ್ಟುಕೋಬೇಕು, ಒಂದು ಬೈಟೂ ಮುಟ್ಟಬಾರದು. ಪಾತ್ ಅನ್ನೋದು ಪಠ್ಯ ಅಲ್ಲ. ಪಠ್ಯದ ಹಾಗೆ ಕಾಣುತ್ತೆ ಅಷ್ಟೇ. ಅದಕ್ಕೆ ಅದರದೇ ಒಂದು ಜಾತಿ ಬೇಕು. ಬೇರೆ ಭಾಷೆಯವರೂ ಎಡವಿ ಎಡವಿ ಇಲ್ಲಿಗೇ ಬಂದಿದ್ದಾರೆ. ಪೈಥಾನಿನಲ್ಲಿ ಬಹುಕಾಲ ಪಾತ್ ಅಂದ್ರೆ ಬರೀ ಸ್ಟ್ರಿಂಗ್ ಆಗಿತ್ತು. 2012ರಲ್ಲಿ ಆಂಟ್ವಾನ್ ಪಿಟ್ರೂ ಅನ್ನೋರು ಬೇರೆ ಜಾತಿಯ ಪ್ರಸ್ತಾಪ ಇಟ್ಟರು, 2014ರ ಪೈಥಾನ್ 3.4ರಲ್ಲಿ ಪಾತ್‌ಲಿಬ್ ಅಂತ ಅದು ಬಂತು. ಜಾವಾದವರು 2011ರಲ್ಲಿ, ಏಳನೇ ಆವೃತ್ತಿಯಲ್ಲಿ, ಹಳೇ ಫೈಲ್ ಕ್ಲಾಸಿನ ಪಕ್ಕದಲ್ಲೇ ಹೊಸ ಪಾತ್ ತಂದರು. ರಸ್ಟ್ ಭಾಷೆಯವರು ಇನ್ನೂ ಕಟ್ಟುನಿಟ್ಟು. ಅಲ್ಲಿ ಪಾತ್ ಒಳಗಿರೋದು ಸಾಮಾನ್ಯ ಸ್ಟ್ರಿಂಗ್ ಅಲ್ಲವೇ ಅಲ್ಲ. ಪರದೆ ಮೇಲೆ ತೋರಿಸಬೇಕು ಅಂದ್ರೆ "ತೋರಿಸೋಕೆ ಕೊಡು" ಅಂತ ಬೇರೆಯಾಗಿಯೇ ಕೇಳಬೇಕು. ಮೊದಲು ನೋಡಿದಾಗ ಮಡಿ ಜಾಸ್ತಿಯಾಯ್ತು ಅನ್ನಿಸಿತ್ತು. ಕಾಕಾನ ಎರಡು ದೊಡ್ಡಾಟ ನೋಡಿದ ಮೇಲೆ ಆ ಮಡಿ ಬೇಕೇ ಬೇಕು ಅನ್ನಿಸ್ತು.

ಆಮೇಲಿನ ಪ್ರಶ್ನೆ: ಎರಡು ಪಾತ್ ಒಂದೇನಾ? ಇದಕ್ಕೆ ಒಂದು ಉತ್ತರ ಕೊಡೋಕೆ ಹೋದರೆ ಕೆಟ್ಟೆವು ಅಂತ. ಯಾಕಂದ್ರೆ ಅದು ಮೂರು ಪ್ರಶ್ನೆ. ಬೈಟು ಬೈಟು ಒಂದೇನಾ? ಓದುವವರ ಕಣ್ಣಿಗೆ ಒಂದೇನಾ? ಡಿಸ್ಕಿನಲ್ಲಿ ನಿಜವಾಗಿ ಒಂದೇ ವಸ್ತುವಿಗೆ ಹೋಗುತ್ತಾ? ಮೊದಲೆರಡಕ್ಕೆ ಡಿಸ್ಕು ಮುಟ್ಟಬೇಕಿಲ್ಲ, ಮೂರನೆಯದಕ್ಕೆ ಮುಟ್ಟಲೇಬೇಕು.

ಮೂರನೆಯದು ಅರ್ಥ ಆಗದವರಿಗೆ ನಮ್ಮೂರಿನ ಉದಾಹರಣೆ. 1956ರ ಏಕೀಕರಣಕ್ಕೆ ಮುಂಚೆ ನಮ್ಮೂರ ಪಾತ್ 'ಮುಂಬಯಿ/ಧಾರವಾಡ/ಯಲವಿಗಿ'. 1956ರಲ್ಲಿ 'ಮೈಸೂರು/ಧಾರವಾಡ/ಯಲವಿಗಿ' ಆಯ್ತು. 1973ರಲ್ಲಿ ರಾಜ್ಯದ ಹೆಸರು ಬದಲಾಗಿ 'ಕರ್ನಾಟಕ/ಧಾರವಾಡ/ಯಲವಿಗಿ'. 1997ರಲ್ಲಿ ಹೊಸ ಜಿಲ್ಲೆ ಬಂದು 'ಕರ್ನಾಟಕ/ಹಾವೇರಿ/ಯಲವಿಗಿ'. ನಾಲ್ಕು ದಾರಿ, ನಾಲ್ಕೂ ಬೇರೆ ಬೇರೆ ಬೈಟು. ಊರು ಇದ್ದಲ್ಲೇ ಇದೆ, ಒಂದು ಗೇಣೂ ಸರಿದಿಲ್ಲ. ನಮ್ಮಜ್ಜಿ ಕೊನೇವರೆಗೂ "ಧಾರವಾಡ ಜಿಲ್ಲಾ" ಅಂತಲೇ ಹೇಳ್ತಿದ್ಲು, ಅವಳಿಗೆ ಬಂದ ಪತ್ರ ಯಾವುದೂ ತಪ್ಪಿ ಹೋಗಲಿಲ್ಲ. ಪೋಸ್ಟಿನವನಿಗೆ ಊರು ಗೊತ್ತಿತ್ತು. ಬರೀ ವಿಳಾಸದ ಅಕ್ಷರ ಹೋಲಿಸಿ ಕೂತಿದ್ದರೆ ನಾಲ್ಕು ಯಲವಿಗಿ ಆಗ್ತಿತ್ತು.

ಇದರ ಜೊತೆಗೇ ಬರೋದು ಎರಡು ಚುಕ್ಕೆಯ (..) ಜಗಳ. ಎರಡು ಚುಕ್ಕೆ ಅಂದ್ರೆ ಒಂದು ಹೆಜ್ಜೆ ಹಿಂದೆ. 'ಸ್ಟೇಶನ್/ಹೊಲ/..' ಅಂದ್ರೆ 'ಸ್ಟೇಶನ್' ಅಂತ ಅಳಿಸಿ ಚಿಕ್ಕದು ಮಾಡಬಹುದಲ್ವಾ? ಮಾಡಬಹುದು, 'ಹೊಲ' ನಿಜವಾದ ಫೋಲ್ಡರಾಗಿದ್ದರೆ. ಅದು ಬೇರೆಲ್ಲಿಗೋ ಕರೆದೊಯ್ಯುವ ಅಡ್ಡದಾರಿ, ಅಂದ್ರೆ ಸಿಂಬಾಲಿಕ್ ಲಿಂಕ್ ಆಗಿದ್ದರೆ, ಒಂದು ಹೆಜ್ಜೆ ಹಿಂದೆ ಸರಿದಾಗ ನೀವು ಸ್ಟೇಶನ್ನಿನಲ್ಲಿ ಇರೋದಿಲ್ಲ, ಆ ಅಡ್ಡದಾರಿ ಮುಟ್ಟಿದ ಊರಿನಲ್ಲಿರ್ತೀರಿ. ಗೋ ಭಾಷೆಯ ಕ್ಲೀನ್ ಫಂಕ್ಷನ್ ಅಕ್ಷರ ನೋಡಿ ಅಳಿಸುತ್ತೆ. ಪೈಥಾನಿನ ಪಾತ್‌ಲಿಬ್ ಇದೇ ಕಾರಣಕ್ಕೆ ಅಳಿಸೋದಿಲ್ಲ. ನಾನು ಪಾತ್‌ಲಿಬ್ ಪಕ್ಷ. ಡಿಸ್ಕು ನೋಡದೆ ಊಹಿಸೋದು ಬೇಡ, ನೋಡಬೇಕಾದ ಕೆಲಸಕ್ಕೂ ನೋಡದ ಕೆಲಸಕ್ಕೂ ಬೇರೆ ಬೇರೆ ಫಂಕ್ಷನ್ ಇರಲಿ.

ಕನ್ನಡ ಬರೆಯೋರಿಗೆ ಇನ್ನೊಂದು ಭೂತ ಪರಿಚಯ ಇದ್ದೇ ಇರುತ್ತೆ, ಕಣ್ಣಿಗೆ ಕಾಣದ ಕೂಡಿಸುವ-ಬಿಡಿಸುವ ಅಕ್ಷರಗಳು. 'ರಾಜ್‌ಕುಮಾರ್' ಅಂತ ಬರೀಬೇಕಾದ್ರೆ ಜ್ ಆದ ಮೇಲೆ ಕಾಣದ ಅಕ್ಷರ ಒಂದು ಹಾಕ್ತೀವಿ. ಇಲ್ಲದಿದ್ರೆ ಜಗೆ ಕ ಒತ್ತಾಗಿ 'ರಾಜ್ಕುಮಾರ್' ಆಗುತ್ತೆ. 'ರ್‍ಯಾಲಿ' ಅನ್ನೋದಕ್ಕೂ ಇಂಥದ್ದೇ ಇನ್ನೊಂದು ಬೇಕು. ಇವನ್ನು ಯೂನಿಕೋಡಿನ ಕೂಡಿಸುವ ನಿಯಮ ಮುಟ್ಟೋದಿಲ್ಲ, ಇದ್ದ ಹಾಗೇ ಬಿಡುತ್ತೆ. ಎಚ್‌ಎಫ್‌ಎಸ್ ಪ್ಲಸ್ ಮಾತ್ರ ಹೆಸರು ಹೋಲಿಸುವಾಗ ಇವು ಇಲ್ಲವೇ ಇಲ್ಲ ಅಂತ ಬಿಟ್ಟುಬಿಡುತ್ತಿತ್ತು. 2014ರ ಡಿಸೆಂಬರಿನಲ್ಲಿ ಗಿಟ್ ತಂತ್ರಾಂಶದ ಒಂದು ಭದ್ರತಾ ಲೋಪ ಹೊರಬಿದ್ದದ್ದು ಇದರಿಂದಲೇ. ಗಿಟ್ ತನ್ನ ಸ್ವಂತಕ್ಕೆ ಇಟ್ಟುಕೊಂಡಿರುವ ಫೋಲ್ಡರಿನ ಹೆಸರಿನ ನಡುವೆ ಕಾಣದ ಅಕ್ಷರ ತೂರಿಸಿದರೆ, ಗಿಟ್ ಅದನ್ನು ಬೇರೆ ಹೆಸರು ಅಂದುಕೊಳ್ಳುತ್ತಿತ್ತು, ಡಿಸ್ಕು ಅದೇ ಹೆಸರು ಅನ್ನುತ್ತಿತ್ತು. ಸಂದಿಯಲ್ಲಿ ಕಳ್ಳ ನುಗ್ಗಬಹುದಿತ್ತು. ಹಾಗಂತ ಲೈಬ್ರರಿಯಲ್ಲಿ ಈ ಅಕ್ಷರಗಳನ್ನೇ ನಿಷೇಧಿಸೋಣ ಅಂತ ಒಬ್ಬರು ಸಲಹೆ ಕೊಟ್ಟರು. ಆಗಲ್ಲ ಸ್ವಾಮಿ, ನಮಗೆ ಅವು ಕಾಗುಣಿತದ ಭಾಗ. ರಾಜಕುಮಾರರ ಹೆಸರಿಗೆ ಒತ್ತು ಕೊಟ್ಟು ಕೆಡಿಸೋಕೆ ನಾನು ತಯಾರಿಲ್ಲ :-)

ಉದ್ದದ ಲೆಕ್ಕ ಒಂದು ಹೇಳಿ ಮುಗಿಸ್ತೀನಿ. ಲಿನಕ್ಸಿನ ಎಕ್ಸ್ಟ್4ನಲ್ಲಿ ಒಂದು ಹೆಸರಿಗೆ 255 ಬೈಟು ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು, ಅಂದ್ರೆ 85 ಸಂಕೇತ ಅಷ್ಟೇ. ಅಕ್ಷರ ಅಲ್ಲ, ಸಂಕೇತ. 'ಸ್ತ್ರೀ' ಅನ್ನೋ ಒಂದೇ ಅಕ್ಷರ ಆರು ಸಂಕೇತ, 18 ಬೈಟು. ಬಿಡಿಸಿದರೆ 21. ವಿಂಡೋಸಿನಲ್ಲಿ ಬೈಟಿನ ಬದಲು 255 ಸಂಕೇತ ಹಿಡಿಯುತ್ತೆ, ಹಾಗಾಗಿ ಅಲ್ಲಿ ಇಟ್ಟ ಉದ್ದನೆಯ ಹೆಸರು ಇಲ್ಲಿ ಹಿಡಿಸೋದೇ ಇಲ್ಲ. ಕಾಕಾ ಫೈಲಿನ ಹೆಸರಲ್ಲೇ ಆಟದ ಹೆಸರು, ಊರು, ಹಾಡಿದವರು, ಹಿಮ್ಮೇಳ, ತಾರೀಖು ಎಲ್ಲ ಬರೀತಾರೆ. ಬೇರೆಲ್ಲೂ ಬರೆದಿಟ್ಟಿಲ್ಲ, ಹೆಸರೇ ದಾಖಲೆ. ಹಿಡಿಸಲಿಲ್ಲ ಅಂತ ಬಾಲ ಕತ್ತರಿಸಿದರೆ ಮೊದಲು ಹೋಗೋದು ತಾರೀಖು, ಆಮೇಲೆ ಹಾಡಿದವರ ಹೆಸರು. ಅದಕ್ಕೇ ನಮ್ಮ ಲೈಬ್ರರಿ ಹೆಸರನ್ನು ತಾನಾಗಿ ಕತ್ತರಿಸಲ್ಲ, ಕೆಲಸ ನಿಲ್ಲಿಸಿ "ಇಷ್ಟು ಬೈಟು ಹೆಚ್ಚಾಯ್ತು" ಅಂತ ಹೇಳುತ್ತೆ. ಬಳಸೋರಿಗೆ ಕಿರಿಕಿರಿ, ಗೊತ್ತು.

ಸದ್ಯ ಜಗಳ ಉಳಿದಿರೋದು ಒಂದರಲ್ಲೇ. ಬರೀ '==' ಹಾಕಿದರೆ ಆ ಮೂರು ಪ್ರಶ್ನೆಗಳಲ್ಲಿ ಯಾವುದಕ್ಕೆ ಉತ್ತರ ಕೊಡಬೇಕು? ನಾನು ಬೈಟು ಅಂತೀನಿ, ಗೆಳೆಯ ಕಣ್ಣು ಅಂತಾನೆ. ಅವನ ವಾದದಲ್ಲೂ ಹುರುಳಿದೆ, ಕಾಕಾನಂಥವರಿಗೆ ಕಂಡದ್ದೇ ಹೆಸರು. ಹೊಸ ಫೋಲ್ಡರು ಮಾಡುವಾಗ ಪಕ್ಕದಲ್ಲಿ ಕಣ್ಣಿಗೆ ಅದೇ ಥರದ್ದು ಇದ್ದರೆ ಎಚ್ಚರಿಸಬೇಕು ಅನ್ನೋದಕ್ಕೆ ಮಾತ್ರ ಇಬ್ಬರೂ ಒಪ್ಪಿದ್ದೀವಿ. ಅದು ಇದ್ದಿದ್ದರೆ ಆವತ್ತು ಜಿಪ್ ಬಿಚ್ಚುವಾಗಲೇ ಗೊತ್ತಾಗ್ತಿತ್ತು.

ಟೆಸ್ಟಿಗೆ ಅಂತ ನಮ್ಮ ಜಿಲ್ಲೆಯ ತಾಲೂಕುಗಳನ್ನೇ ಹಾಕಿದ್ದೀನಿ. ಜೊತೆಗೆ ದೊಡ್ಡಾಟ, ಕೋಲಾಟ, ಗೀಗೀ ಪದ, ರಾಜ್‌ಕುಮಾರ್, ಮತ್ತೆ ಸವಣೂರಿನ ಆ ದೈತ್ಯ ಮರಗಳ ಹೆಸರಲ್ಲಿ 'ದೊಡ್ಡಹುಣಸೆ'. ನಿಮ್ಮ ಕಂಪ್ಯೂಟರಿನಲ್ಲಿ ಹೀಗೆ ಎರಡಾದ, ಮುರಿದ, ತೆರೆಯಲೊಲ್ಲದ ಕನ್ನಡ ಹೆಸರು ಇದ್ದರೆ ದಯವಿಟ್ಟು ಬರೆದು ತಿಳಿಸಿ. ಅಳಿಸಬೇಡಿ ಮತ್ತೆ! ನನ್ನ ಪಟ್ಟಿಯಲ್ಲಿ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಾವೇರಿ ಪಾಸಾಗಿವೆ. ಹಿರೇಕೆರೂರು ವಿಂಡೋಸಿನಲ್ಲಿ ಇನ್ನೂ ಫೇಲು, ಯಾಕೆ ಅಂತ ಈ ಶನಿವಾರ ನೋಡಬೇಕು.